ಎಡಸುತ್ತು

ಬೇಕೆಂದೇ ಕಾಯಿಸುತ್ತಿದ್ದಾರೆ ಎನ್ನುವುದು ಚನ್ನಮಲ್ಲಯ್ಯನಿಗೆ ಖಾತ್ರಿಯಾದದ್ದು ಮಧುಗಿರಿಯ ಪ್ರವಾಸಿ ಬಂಗಲೆಯ ಒಳಗಿನಿಂದ ಎರಡನೆಯ ಸಲ ಕಾಫಿಯ ವಾಸನೆ ಬಂದಾಗ. ಮೊದಲನೆಯ ಸಲ ಬಂದಾಗ, ಇರಲಿ, ಬೆಂಗಳೂರಿನಿಂದ ಬಂದವರು, ದಾರಿಯುದ್ದಕ್ಕೂ ಮೋಟಾರಿನಲ್ಲಿ ಕುಲುಕಿ ಮೈಕೈ ನೊಂದಿರಬೇಕು, ಎಂದು ತಾನೇ ಅವರ ಪರವಾಗಿ ವಕಾಲತ್ತು ಹಾಕಿಕೊಂಡಿದ್ದ. ಎರಡನೆಯ ಕಾಫಿಗೆ ಯಾವ ವಕಾಲತ್ತೂ ಹೊಳೆಯಲಿಲ್ಲ. ಜಗಲಿಯಲ್ಲಿ ಒಂದು ಬೆಂಚಿತ್ತು. ಅದರ ಮೇಲೆ ಕೂರಬಹುದೋ ಕೂರಬಾರದೋ ಯಾರೂ ಹೇಳಿರಲಿಲ್ಲ. ಕೂತ ಮೇಲೆ ಜವಾನ ಬಂದು ಏಳು ಅಂದರೆ ಏಳಬೇಕಾಗುತ್ತದೆ; ಹಾಗೆ ಏಳುವ ಒಂದು ಗಳಿಗೆಯನ್ನು ನೆನೆದೇ ಮೈ ಉರಿದು ಅವನು ಗೋಡೆಗೆ ಒರಗಿ ನಿಂತೇ ಇದ್ದ. ಎಡತೋಳಿನಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ. ಅದನ್ನು ನೆಲಕ್ಕಿಳಿಸಲೂ ಮನಸ್ಸಾಗಲಿಲ್ಲ. ಒಳಗೆ ಹತ್ತಿಯ ಮೇಲೆ ಹತ್ತಿ ಹಾಸಿ ಮಲಗಿಸಿದ ನಲವತ್ತಮೂರು ಕಲ್ಲುಗಳಿದ್ದವು. ಕಲ್ಲು ಅಂದರೆ ಕಲ್ಲಲ್ಲ. ಒಂದು ಕಾಲಕ್ಕೆ ಜೀವವಿದ್ದು, ತೆವಳಿ, ತಿಂದು, ಸತ್ತು, ಆಮೇಲೆ ಕಲ್ಲಾದ ಬಸವನಹುಳುಗಳು. ಜಯಮಂಗಲಿ ಹೊಳೆಗೆ ಹೋಗಿ ಸೇರುವ ಸುಣ್ಣದಹಳ್ಳದ ದಂಡೆಯಿಂದ ಮೂರು ವರ್ಷ ಹೆಕ್ಕಿದ್ದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಒಳಗೆ ಕಾಫಿ ಕುಡಿಯುತ್ತಿರುವ, ಭೂಗರ್ಭ ಇಲಾಖೆಯ ಕಲ್ಲಿನ ಆಫೀಸರು ಈ ಡಬ್ಬಿಯೊಳಗೆ ಒಮ್ಮೆ ಕಣ್ಣಿಟ್ಟು ನೋಡಿ, ಹೌದು, ಇವು ನಿಜವಾದವು, ಆ ದಂಡೆಯನ್ನು ಮುಟ್ಟಬೇಡಿ, ಎಂದು ಎರಡು ಸಾಲಿನ ಚೀಟಿ ಬರೆದುಕೊಡಬೇಕು. ಚೀಟಿ ಮಧ್ಯಾಹ್ನದೊಳಗೆ ಬೇಕು. ಮಧ್ಯಾಹ್ನ ಊಟ ಮುಗಿಸಿಕೊಂಡು ಅವನ ಸೋದರಮಾವನ ಆಳುಗಳು ಆ ದಂಡೆಗೆ ಗುದ್ದಲಿ ಹಾಕುವವರಿದ್ದರು.

ಬಾಗಿಲ ಪರದೆ ಸರಿಸಿ ಹೊರಬಂದವನು ಆಫೀಸರಲ್ಲ, ಅವರ ಗುಮಾಸ್ತ ಜಯರಾಮಯ್ಯ. ಕೋಟು, ಜರಿಯಂಚಿನ ರುಮಾಲು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು. ಇದೇ ಜಯರಾಮಯ್ಯ ಎಂಟು ವರ್ಷದ ಕೆಳಗೆ ಮಿಡ್ಲ್ ಸ್ಕೂಲಿನಲ್ಲಿ ಇವನ ಪಕ್ಕ ಕೂತು ಲೆಕ್ಕ ಕದಿಯುತ್ತಿದ್ದವನು. ಮುಖ ನೋಡಿದೊಡನೆ ಗುರುತು ಹಿಡಿದ, ಹಿಡಿದದ್ದು ಕಣ್ಣಲ್ಲಿ ಕಾಣಿಸಿತು, ಆದರೂ ಹೆಸರು ನೆನಪಿಗೆ ಬಾರದವನ ಹಾಗೆ ಹಣೆ ಸುಕ್ಕು ಮಾಡಿಕೊಂಡು, "ಓ, ಚನ್ನ ಅಲ್ವೇನ್ಲಾ? ಇನ್ನೂ ಸುಣ್ಣ ಸುಡ್ತಾನೇ ಇದ್ದೀಯಾ?" ಎಂದ. ಬೆನ್ನಿಗೆಲ್ಲ ಬಿಳಿ ಹತ್ತಿಸಿಕೊಂಡಿದ್ದೀಯಲ್ಲೋ ಎಂದು ನಗುತ್ತ ಕೈಯಿಂದ ಎರಡು ಸಲ ಕೊಡವಿದ. ಆ ಕೊಡವುವುದರಲ್ಲಿ ಸ್ನೇಹವೂ ಇತ್ತು, ಅದೇ ಸಹಿಸಲಾಗಲಿಲ್ಲ. ಎರಡನೆಯ ಫಾರಮ್ಮಿನಲ್ಲಿ ಒಂದು ದಿನ ಗೋಡೆಗೆ ತೂಗುಹಾಕಿದ ಮೈಸೂರು ಸೀಮೆಯ ಹೊಸ ನಕ್ಷೆಯಲ್ಲಿ ಪಾವಗಡವನ್ನು ತೋರಿಸು ಎಂದು ಮೇಷ್ಟ್ರು ನಂದೀಶ್ವರಯ್ಯನವರು ಎಬ್ಬಿಸಿದ್ದರು. ಇವನು ಸರಿಯಾಗಿಯೇ ತೋರಿಸಿದ. ಸರಿಯಾಗಿ ತೋರಿಸಿದ ಕಡೆ ಬಿಳಿಯ ಬೆರಳಚ್ಚು ಉಳಿಯಿತು. ಬೆಳಗಿನ ಜಾವ ಸುಣ್ಣ ಸುಡುವ ಗೂಡಿನ ಬೂದಿ ತೆಗೆದು, ಕೈ ತೊಳೆದು, ಎಣ್ಣೆ ಹಚ್ಚಿಕೊಂಡು ಬಂದರೂ ಬೆರಳ ಬಿರುಕಿನೊಳಗೆ ಕೂತ ಸುಣ್ಣ ಹೋಗುವುದಿಲ್ಲವೆಂದು ಮೇಷ್ಟ್ರಿಗೆ ಯಾರು ಹೇಳಬೇಕು? ಬೆಂಚಿನ ಮೇಲೆ ನಿಲ್ಲಿಸಿ, ಸರ್ಕಾರದ ನಕ್ಷೆಗೆ ಸುಣ್ಣ ಬಳಿಯುವುದಕ್ಕೆ ಬಂದೆಯೇನೋ ಎಂದರು. ತರಗತಿ ನಕ್ಕಿತು. ಜಯರಾಮಯ್ಯ ತಲೆ ಬಗ್ಗಿಸಿಕೊಂಡು ನಕ್ಕಿದ್ದ. ಇವನು ಬೆಂಚಿನಿಂದ ಇಳಿದು ಬಾಗಿಲು ದಾಟಿದವನು ಮತ್ತೆ ಆ ಬಾಗಿಲಿಗೆ ಹೋಗಲಿಲ್ಲ. ಉತ್ತರ ಸರಿಯಾಗಿತ್ತಲ್ಲ, ಎಂದು ಇವತ್ತಿಗೂ ಒಲೆಗೆ ಸೌದೆ ಒಟ್ಟುವಾಗ, ಉಣ್ಣುವಾಗ, ಮುಖ ತೊಳೆಯುವಾಗ ಒಳಗಿನಿಂದ ಕೂಗಬೇಕೆನಿಸುತ್ತದೆ. ಪಾವಗಡ ಅಲ್ಲೇ ಇತ್ತಲ್ಲ.

ಜಯರಾಮಯ್ಯ ಒಳಗೆ ಹೋದ ಮೇಲೆ ಚನ್ನಮಲ್ಲಯ್ಯ ಮತ್ತೆ ಗೋಡೆಗೆ ಒರಗಲಿಲ್ಲ. ತಿರುಗಿ ನೋಡಿದ. ಒಳ್ಳೆಯ ಬಿಳುಪು. ಹೋದ ವರ್ಷ ಬಳಿದದ್ದು, ಅವರದ್ದೇ ಗೂಡಿನ ಸುಣ್ಣ, ಆ ದಂಡೆಯದ್ದೇ ಕಲ್ಲು. ಇಷ್ಟು ಬಿಳಿ ಬೇರೆ ಎಲ್ಲಿಯ ಕಲ್ಲಿಗೂ ಬರುವುದಿಲ್ಲ ಎನ್ನುವುದನ್ನು ಕಂಡುಹಿಡಿದವನು ತಾನೇ. ಮಾವ ಮಲ್ಲಿಕಾರ್ಜುನಯ್ಯನ ಗೂಡಿಗೆ ಸುತ್ತಿನ ಹಳ್ಳಗಳಿಂದ ಗಾಡಿಗಟ್ಟಲೆ ಸುಣ್ಣಕಲ್ಲು ಬಂದು ಬೀಳುತ್ತದೆ. ಯಾವುದು ಸುಟ್ಟರೆ ಬೆಣ್ಣೆಯ ಹಾಗೆ ಅರಳುತ್ತದೆ, ಯಾವುದು ಬೂದಿಯಾಗಿ ಕೂರುತ್ತದೆ ಎಂದು ಸುಡುವುದಕ್ಕೆ ಮುಂಚೆಯೇ ಹೇಳಬೇಕು. ಮೊದಲು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಬೇಕು, ಆಮೇಲೆ ಒಡೆದ ಮುಖವನ್ನು ನಾಲಿಗೆಗೆ ಇಟ್ಟು ಅಂಟುತ್ತದೋ ಇಲ್ಲವೋ ನೋಡಬೇಕು, ಅನುಮಾನವಿದ್ದರೆ ಹುಣಸೆಹುಳಿಯ ನೀರು ಬಿಟ್ಟು ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕಾಯಬೇಕು. ಹದಿನಾಲ್ಕು ವರ್ಷದವನಿದ್ದಾಗಲೇ ಅವನ ನಾಲಿಗೆ ತಪ್ಪುವುದಿಲ್ಲ ಎಂದು ಹೆಸರಾಯಿತು. ಒಂದು ಸಲವೂ ತಪ್ಪು ಹೇಳಿರಲಿಲ್ಲ. ಉಳಿದದ್ದರಲ್ಲಿ ಜನ ಅವನನ್ನು ಏನಾದರೂ ಅನ್ನಲಿ, ಕಲ್ಲಿನ ವಿಷಯದಲ್ಲಿ ಮಾತ್ರ ಅವನ ಮಾತು ಮಾತೇ. ಆ ಹೆಮ್ಮೆಯಲ್ಲೇ ಒಂದು ದಿನ ಸುಣ್ಣದಹಳ್ಳದ ತಿರುವಿನಲ್ಲಿ ಎರಡಾಳೆತ್ತರದ ಬಿಳಿಯ ದಂಡೆಯನ್ನು ಮಾವನಿಗೆ ತೋರಿಸಿದ್ದು. ಗಾಡಿಗಳು ಬಂದವು. ಒಂದು ವರ್ಷ ಸುಟ್ಟ ಮೇಲೆ, ಒಂದು ಮಧ್ಯಾಹ್ನ, ನಾಲಿಗೆಗೆ ಇಟ್ಟ ಚೂರಿನಲ್ಲಿ ಏನೋ ಸುರುಳಿ ಸುರುಳಿಯಾಗಿ ತಾಗಿತು. ತೆಗೆದು ನೋಡಿದರೆ ಕಡಲೆಯಷ್ಟು ಗಾತ್ರದ ಬಸವನಹುಳು. ಇನ್ನೊಂದು ಚೂರಿನಲ್ಲಿ ಇನ್ನೊಂದು. ಇಡೀ ದಂಡೆಯೇ ಅವು. ಅಷ್ಟು ಹೊತ್ತಿಗೆ ತಾಲ್ಲೂಕು ಕಚೇರಿ, ಆಸ್ಪತ್ರೆ, ಮಠದ ಪೌಳಿ, ಅವನ ಮನೆಯ ದೇವರ ಗೂಡು ಎಲ್ಲ ಬಿಳಿಯಾಗಿದ್ದವು. ಯಾರೂ ಕೇಳಲಿಲ್ಲ, ಯಾರೂ ಬೈಯಲಿಲ್ಲ. ಊರಿನಲ್ಲಿ ನಡೆದುಹೋಗುವಾಗ ಬಿಸಿಲಿಗೆ ಹೊಳೆಯುವ ಗೋಡೆಗಳನ್ನು ನೋಡಿ ಅವನೊಬ್ಬನೇ ಕಣ್ಣು ಕೆಳಗೆ ಮಾಡುತ್ತಿದ್ದ.

ಅವನಿಗೆ ಪುಸ್ತಕವಿರಲಿಲ್ಲ. ಸತ್ತ ತಾತನ ಕನ್ನಡಕದ ಒಂದು ಗಾಜಿತ್ತು. ಹೆಸರುಗಳನ್ನು ತಾನೇ ಇಟ್ಟುಕೊಂಡ: ಚಪ್ಪಟೆಯಾಗಿದ್ದದ್ದು ತಟ್ಟೆ, ಉದ್ದನೆಯದು ಮೊಳೆ, ಸೂಜಿಯ ತಲೆಯಷ್ಟಿದ್ದದ್ದು ಗಸಗಸೆ. ಈ ಮೂರರ ಜಾತಿಯವೂ ಈಗಲೂ ಹಳ್ಳದ ನೀರಿನಲ್ಲಿ ಬದುಕಿವೆ. ಸತ್ತದ್ದನ್ನೂ ಬದುಕಿದ್ದದ್ದನ್ನೂ ಪಕ್ಕ ಪಕ್ಕ ಇಟ್ಟು ಗಾಜಿನ ಕೆಳಗೆ ಸುತ್ತು ಎಣಿಸಿದ್ದ. ಆದರೆ ದಂಡೆಯ ನಡುವಿನ ಒಂದು ಗೇಣು ದಪ್ಪದ ಪದರದಲ್ಲಿ ಮಾತ್ರ ಸಿಗುವ ಇನ್ನೊಂದಿತ್ತು. ಮೊಳೆಯ ಹಾಗೇ ಉದ್ದ, ಆದರೆ ಸುತ್ತು ಎಡಕ್ಕೆ. ಮೈಮೇಲೆ ಕೂದಲೆಳೆಯಷ್ಟು ಸಣ್ಣ ಏಣುಗಳು, ಮೇಲಿನಿಂದ ಕೆಳಗೆ, ಕುಂಬಾರ ಬೆರಳಿನಿಂದ ಎಳೆದ ಹಾಗೆ. ಹುಲಿಕುಂಟೆಯ ಕಡೆ ಗಾಡಿ ಹೋದಾಗ ಅಲ್ಲಿಯ ಕೆರೆಯಲ್ಲಿ ಹುಡುಕಿದ. ಬಲಸಮುದ್ರದಲ್ಲಿ, ನಿಡುಗಲ್ಲಿನ ಬೆಟ್ಟದ ದೊಣೆಗಳಲ್ಲಿ, ಕೊರಟಗೆರೆಯ ಗದ್ದೆ ಬಯಲಿನಲ್ಲಿ ಮೊಣಕಾಲುದ್ದ ಕೆಸರಿಗಿಳಿದು ಹುಡುಕಿದ. ಎಡಕ್ಕೆ ಸುತ್ತಿದ, ಮೈಯೆಲ್ಲ ಏಣಿರುವ ಉದ್ದನೆಯದು ಬದುಕಿದ್ದದ್ದು ಒಂದೂ ಇರಲಿಲ್ಲ. ಅಂದರೆ ಇದ್ದದ್ದು ಹೋಗಿದೆ. ಒಂದು ಜಾತಿಗೆ ಜಾತಿಯೇ ಈ ಸೀಮೆಯಲ್ಲಿದ್ದು, ಹೋಗಿದೆ, ಯಾರಿಗೂ ತಿಳಿಯದ ಹಾಗೆ. ಇದನ್ನು ಮಾವನಿಗೆ ಹೇಳಿದಾಗ ಅವನು ಬಾಯೊಳಗಿನ ಎಲೆಯನ್ನು ದವಡೆಗೆ ಸರಿಸಿಕೊಂಡು, "ಅದ್ಕೇನೀಗ, ಬಸವನಹುಳಕ್ಕೊಂದು ಗುಡಿ ಕಟ್ಟಿಸ್ಲೇನ್ಲಾ?" ಎಂದಿದ್ದ. ಸುತ್ತ ನಿಂತ ಆಳುಗಳಿಗೆ ತಿಂಗಳೊಪ್ಪತ್ತು ಅದೇ ಮಾತು ಸಾಕಾಯಿತು. ಈಗ ಸರ್ಕಾರದ ದೊಡ್ಡವರ ಸವಾರಿ ಬರುತ್ತದೆಂದು ಪೇಟೆಯ ಗೋಡೆಗಳಿಗೆಲ್ಲ ಸುಣ್ಣ ಬಳಿಯುವ ಹುಕುಂ ಬಂದಿತ್ತು. ದಂಡೆಯ ಹೊರಮೈಯೆಲ್ಲ ಮುಗಿದು, ಆ ನಡುವಿನ ಪದರವಿರುವ ಭಾಗ ಮಾತ್ರ ಉಳಿದಿತ್ತು. ಅದನ್ನು ಇವತ್ತು ಬೀಳಿಸುತ್ತೇನೆ ಎಂದು ಮಾವ ನಿನ್ನೆಯೇ ಹೇಳಿದ್ದ.

ಒಳಗೆ ಕರೆದಾಗ ಕಾಲು ಜೋಮು ಹಿಡಿದಿತ್ತು. ಆಫೀಸರು ಸಂಜೀವಯ್ಯನವರು ಕೆಟ್ಟವರ ಹಾಗೆ ಕಾಣಲಿಲ್ಲ. ಕೆಟ್ಟವರ ಹಾಗೆ ಕಂಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನರೆತ ಮೀಸೆ, ದಪ್ಪ ಕನ್ನಡಕ, ಮೇಜಿನ ತುಂಬ ಸಾಣೆ ಹಿಡಿಯಲು ಬಳಸುವ ಕುರಂದದ ಕಲ್ಲುಗಳು. ಅವರು ಈ ಕಡೆ ಬಂದದ್ದೇ ಅದಕ್ಕಾಗಿ. ಹನ್ನೊಂದಕ್ಕೆ ಮೋಟಾರು ಬಂದೊಡನೆ ಪಾವಗಡಕ್ಕೆ ಹೊರಡುವವರು. ಎಷ್ಟು ಓದಿದ್ದೀಯಪ್ಪಾ ಎಂದು ಮೊದಲು ಕೇಳಿದರು. ಎರಡನೆಯ ಫಾರಂ ಎಂದ. ಅರ್ಧ, ಎಂದು ಜಯರಾಮಯ್ಯ ಕಿಟಕಿಯ ಕಡೆಯಿಂದ ಸೇರಿಸಿದ. ಆಫೀಸರು ನಕ್ಕು, ಇರಲಿ, ಆಸಕ್ತಿ ಇದ್ದರೆ ಸಾಕು ಎಂದರು. ಆಮೇಲೆ ಬೆರಳಿನಿಂದ ಕಿಟಕಿಯಾಚೆಯ ಬೆಟ್ಟವನ್ನು ತೋರಿಸಿ, ಮಕ್ಕಳಿಗೆ ಹೇಳುವ ದನಿಯಲ್ಲಿ ವಿವರಿಸಿದರು. "ಈ ಬಂಡೆ ಹುಟ್ಟಿದ ಕಾಲಕ್ಕೆ ಭೂಮಿ ಮೇಲೆ ಹುಳುವೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ಈ ಜಿಲ್ಲೆಯಲ್ಲಿ ಫಾಸಿಲ್ ಹುಡುಕೋದು ಅಂದ್ರೆ ಮನೆ ಕಟ್ಟೋಕೆ ಮುಂಚೆ ಬಾಡಿಗೆಯವರನ್ನ ಹುಡುಕಿದ ಹಾಗೆ." ಜಯರಾಮಯ್ಯ ನಕ್ಕ. ಚನ್ನಮಲ್ಲಯ್ಯನಿಗೆ ಕಿವಿ ಬಿಸಿಯಾಯಿತು, ಯಾಕೆಂದರೆ ಮಾತು ಚೆನ್ನಾಗಿತ್ತು, ಮತ್ತು ತಪ್ಪಾಗಿತ್ತು. "ಬಂಡೆಯೊಳಗಲ್ಲ ಸ್ವಾಮಿ," ಎಂದ. "ಬಂಡೆ ಮ್ಯಾಲಿನ ಮಣ್ಣಲ್ಲಿ. ಮನೆ ಹಳೇದು, ಬಾಡಿಗೆಯೋರು ಆಮ್ಯಾಕೆ ಬಂದವ್ರೆ." ಆಫೀಸರ ಹುಬ್ಬು ಮೇಲಕ್ಕೆ ಹೋಯಿತು. ಮೊದಲ ಸಲ ಅವರು ಇವನ ಮುಖವನ್ನು ನೋಡಿದರು, ಬೆನ್ನಿನ ಸುಣ್ಣವನ್ನಲ್ಲ. "ಭೇಷ್," ಎಂದರು. "ತೆಗಿ ನೋಡೋಣ."

ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದ. ಮೊದಲು ಬಂದದ್ದು ವಾಸನೆ. ಹುಳಿ ವಾಸನೆ. ಎಲ್ಲಿಯದೆಂದು ಗೊತ್ತಾಗುವ ಮುಂಚೆಯೇ ಮೇಲಿನ ಹತ್ತಿಯನ್ನು ಎತ್ತಿದ. ನಲವತ್ತಮೂರೂ ಇದ್ದವು, ಒಂದೂ ಹೆಚ್ಚುಕಡಮೆ ಇರಲಿಲ್ಲ, ಸಾಲಾಗಿ, ಇವನು ಇಟ್ಟದ್ದಕ್ಕಿಂತ ನೇರವಾದ ಸಾಲಿನಲ್ಲಿ, ಮಲ್ಲಿಗೆಮೊಗ್ಗು ಪೋಣಿಸಿಟ್ಟ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಮಣ್ಣಿರಲಿಲ್ಲ. ಸಂದಿಯಲ್ಲಿ ಕೂತಿದ್ದ ಬೂದು ಜೇಡಿಯಿರಲಿಲ್ಲ. ಹಳದಿಯ ಮಾಸಲು ಇರಲಿಲ್ಲ. ಸೋಮವಾರ ಸೋಮವಾರ ಅವ್ವ ಹಿತ್ತಿಲ ಬಾಗಿಲಲ್ಲಿ ಕೂತು ಪೂಜೆಯ ಗಿಂಡಿ, ಹಿತ್ತಾಳೆಯ ದೀಪ, ವಿಭೂತಿಯ ಬಟ್ಟಲು ಎಲ್ಲವನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕುತ್ತಾಳೆ. ದೊಡ್ಡವರ ಮುಂದೆ ಹೋಗುವ ಯಾವ ವಸ್ತುವೂ ಆ ಮನೆಯಿಂದ ಮಾಸಿಕೊಂಡು ಹೋಗಿದ್ದಿಲ್ಲ. ಮಠದ ಸ್ವಾಮಿಗಳು ಬರುವ ಹಿಂದಿನ ದಿನ ಒನಕೆಯನ್ನೂ ತೊಳೆದವಳು ಅವಳು. ಬೆಳಿಗ್ಗೆ ಡಬ್ಬಿಯನ್ನು ಕೈಗೆ ಕೊಡುವಾಗ ಅವಳ ಬೆರಳ ತುದಿಗಳು ನೆನೆದು ಸುಕ್ಕಾಗಿದ್ದವು. "ದೊಡ್ಡೋರ ಮುಂದೆ ನಿಂತ್ಕೊಳ್ಳಾವಾಗ ಮರ್ವಾದೆ ಇರ್ಬೇಕು ಕಣ್ಲಾ ಮಗ, ಎಲ್ಲಾ ಚೊಕ್ಕ ಮಾಡಿವ್ನಿ," ಎಂದಿದ್ದಳು. ಅವನು ಪಂಚೆಯ ಮಾತು ಎಂದುಕೊಂಡಿದ್ದ. ನಿನ್ನೆ ಸಂಜೆ ಗೂಡಿನಿಂದ ಬಂದಾಗ ಹಿತ್ತಿಲಲ್ಲಿ ಮಣ್ಣಿನ ಬೋಗುಣಿಯ ಮೇಲೆ ತಟ್ಟೆ ಮುಚ್ಚಿದ್ದದ್ದೂ ಈಗ ಕಣ್ಣ ಮುಂದೆ ಬಂತು. ರಾತ್ರಿಯೆಲ್ಲ ಹುಳಿಯಲ್ಲಿ ನೆನೆದಿವೆ. ಸುಣ್ಣಕ್ಕೆ ಹುಳಿ ಬಿದ್ದರೆ ಏನಾಗುತ್ತದೆ ಎನ್ನುವುದು ಆ ಜಿಲ್ಲೆಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಆಫೀಸರು ಚಿಮಟದಿಂದ ಒಂದನ್ನು ಎತ್ತಿದರು. ಎಡಸುತ್ತಿನದ್ದೇ, ಎಲ್ಲಕ್ಕಿಂತ ದೊಡ್ಡದು, ಏಣುಗಳು ಎಲ್ಲಕ್ಕಿಂತ ಸ್ಪಷ್ಟವಾಗಿದ್ದದ್ದು. ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಇನ್ನೊಂದನ್ನು ಎತ್ತಿದರು. ಮತ್ತೊಂದು. ನುಣ್ಣಗಿದ್ದವು ಎಲ್ಲವೂ, ಚೀಪಿ ಉಗುಳಿದ ಕಲ್ಲುಸಕ್ಕರೆಯ ಹಾಗೆ. ಮೈಮೇಲೆ ಏಣು ಇತ್ತು ಸ್ವಾಮಿ ಎಂದು ಇವನು ಹೇಳಿದ. ದನಿ ತನ್ನದಲ್ಲದ ಹಾಗೆ ಸಣ್ಣಗೆ ಬಂತು. ಸಾವಿರ ಇವೆ, ಇನ್ನೂ ದಂಡೆಯಲ್ಲಿವೆ, ಇವುಗಳ ಹಾಗೆ ಎಡಕ್ಕೆ ಸುತ್ತಿದ್ದು ಈಗ ಯಾವ ಕೆರೆಯಲ್ಲೂ ಇಲ್ಲ, ನಾನು ನೋಡಿದ್ದೇನೆ. ಆಫೀಸರು ಕನ್ನಡಿ ಕೆಳಗಿಟ್ಟು, ಸಾವಿರದಲ್ಲೊಂದು ಎಡಕ್ಕೆ ಹುಟ್ಟುವುದುಂಟು, ಶಂಖದಲ್ಲಿ ಅಪರೂಪಕ್ಕೆ ಬಲಮುರಿ ಸಿಗುವ ಹಾಗೆ, ಅದರ ಮೇಲೆ ಏನೂ ಹೇಳುವುದಕ್ಕಾಗುವುದಿಲ್ಲ ಎಂದರು. ಮಣ್ಣಾದರೂ ಇದ್ದಿದ್ದರೆ ಯಾವ ಪದರದ್ದು ಎಂದು ನೋಡಬಹುದಿತ್ತು. ಇವು ನಿನ್ನೆ ಗದ್ದೆಯಲ್ಲಿ ಸತ್ತದ್ದೂ ಆಗಬಹುದು, ಹತ್ತು ಸಾವಿರ ವರ್ಷದ್ದೂ ಆಗಬಹುದು. ಹೇಳುತ್ತಲೇ ಚಿಮಟದಲ್ಲಿದ್ದದ್ದನ್ನು ಮೂಗಿನ ಹತ್ತಿರ ಹಿಡಿದರು. ಅವರ ಮುಖದಲ್ಲಿ ನಗೆಯೊಂದು ನಿಧಾನವಾಗಿ ಮೂಡಿತು. "ಇದನ್ನ ಹುಣಸೆಹಣ್ಣಲ್ಲಿ ತೊಳೆದೋರು ಯಾರು?"

ಜಯರಾಮಯ್ಯ ಕಿಟಕಿಯಿಂದ ಎದ್ದುಬಂದು ಡಬ್ಬಿಗೆ ಬಗ್ಗಿದ. ಅವನಿಗೆ ಚನ್ನಮಲ್ಲಯ್ಯನ ಅವ್ವ ಶಿವರುದ್ರಮ್ಮ ಗೊತ್ತಿದ್ದಳು. ಆ ಮನೆಯ ಹಿತ್ತಿಲಲ್ಲಿ ಕೂತು ಎಷ್ಟೋ ಸಲ ರೊಟ್ಟಿ ತಿಂದಿದ್ದವನು. ಅವನ ತುಟಿಯ ಮೇಲೆ ಆ ಹೆಸರು ಆಗಲೇ ಬಂದು ಕೂತಂತಿತ್ತು. ಅವ್ವನ ಹೆಸರು ಈ ಕೋಣೆಯಲ್ಲಿ ಎದ್ದರೆ, ಈ ಇಬ್ಬರೂ ಅದಕ್ಕೆ ನಕ್ಕರೆ, ಆಮೇಲೆ ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತ ಇನ್ನಾರಿಗೋ ಹೇಳಿದರೆ, ಮಧುಗಿರಿಯಲ್ಲಿ ಒಬ್ಬ ಮುದುಕಿ ಫಾಸಿಲ್ಲಿಗೆ ಹುಣಸೆಹುಳಿ ಹಾಕಿ... "ನಾನೇ," ಎಂದ ಚನ್ನಮಲ್ಲಯ್ಯ. "ನಾನೇ ತೊಳ್ದೆ." ಆಫೀಸರು ಗಟ್ಟಿಯಾಗಿ ನಗಲಿಲ್ಲ. ತಲೆ ಮಾತ್ರ ಆಡಿಸಿದರು, ಬಹಳ ಮೃದುವಾಗಿ, ಅರ್ಧ ಓದು ಹೀಗೇ ಆಗುವುದು ಎನ್ನುವ ಹಾಗೆ. ಮೇಜಿನ ಮೂಲೆಯಲ್ಲಿದ್ದ ಗಾಜಿನ ಬಿರಡೆಯ ಆಸಿಡ್ ಶೀಶೆಯನ್ನು ತೆಗೆದು, ಒಂದು ಗಸಗಸೆಯ ಮೇಲೆ ಒಂದು ಹನಿ ಬಿಟ್ಟು, ನೋಡು, ಹೀಗೆ ನೊರೆ ಬಂದರೆ ಒಳಗೆ ಸುಣ್ಣದ ಅಂಶವಿದೆ ಎಂದು ಅರ್ಥ, ಇಂಥದ್ದಕ್ಕೆ ಯಾವತ್ತೂ ಹುಳಿ ಮುಟ್ಟಿಸಬಾರದು ಎಂದು ಹೇಳಿಕೊಟ್ಟರು. ಗಸಗಸೆ ಸಣ್ಣಗೆ ಸುಯ್‌ಗುಟ್ಟಿ ಇಲ್ಲವಾಯಿತು. ಹದಿನಾಲ್ಕು ವರ್ಷದವನಿದ್ದಾಗಿನಿಂದ ಹೇಳಿಕೊಂಡು ಬಂದ ತನ್ನ ಪಾಠವನ್ನೇ ತನಗೆ ಹೇಳಿಕೊಡುತ್ತಿದ್ದಾರೆ, ತಾನು ಕೈಕಟ್ಟಿ ತಲೆಯಾಡಿಸುತ್ತಿದ್ದಾನೆ. ಎರಡು ಮೈಲಿ ಅಷ್ಟೇ ಸ್ವಾಮಿ, ಬಂದು ನೋಡಿ ಎಂದು ಬೇಡಿದ. ಬೇಡುವ ಮಾತು ಬಾಯಿಂದ ಹೊರಟಾಗ ಅದರ ರುಚಿಗೇ ಅಸಹ್ಯವಾಯಿತು, ಆದರೂ ಇನ್ನೊಂದು ಸಲ ಬೇಡಿದ. ನಾನೇ ಓಡಿಹೋಗಿ ಮಣ್ಣಿನ ಸಮೇತ ಕಿತ್ತು ತರುತ್ತೇನೆ, ಒಂದೂವರೆ ಗಂಟೆ ಕೊಡಿ. ಹೊರಗೆ ಮೋಟಾರಿನ ಸದ್ದಾಯಿತು. ಮುಂದಿನ ವರ್ಷ ಈ ಕಡೆ ಬಂದಾಗ ಖಂಡಿತ ನೋಡೋಣ ಎಂದು ಆಫೀಸರು ಎದ್ದರು. ಅಲ್ಲಿಯವರೆಗೆ ದಂಡೆ ಇರಲ್ಲ ಎಂದು ಇವನು ಹೇಳುವಾಗ ಅವರು ಹ್ಯಾಟು ಹುಡುಕುತ್ತಿದ್ದರು. ದಂಡೆ ಎಲ್ಲಿಗೆ ಹೋಗುತ್ತಪ್ಪಾ, ಎಂದರು.

ಪೇಟೆಯ ಬೀದಿಯಲ್ಲಿ ನಡೆಯುವಾಗ ಯಾರನ್ನು ಬೈಯಬೇಕೆಂದು ತಿಳಿಯದೆ ಅವನು ಎಲ್ಲರನ್ನೂ ಬೈದ. ಒಂದೂವರೆ ಗಂಟೆ. ಎರಡು ಕಾಫಿ ಕುಡಿಯುವಷ್ಟು ಹೊತ್ತು. ಆಫೀಸರು ಕನ್ನಡಿ ಹಿಡಿದದ್ದು ಸರಿಯಾಗಿತ್ತು, ಕೇಳಿದ್ದು ಸರಿಯಾಗಿತ್ತು, ಮಣ್ಣು ಇರಬೇಕಿತ್ತು ಎಂದದ್ದೂ ಸರಿ. ಆ ಮನುಷ್ಯ ಒಂದು ತಪ್ಪನ್ನೂ ಮಾಡಿರಲಿಲ್ಲ. ತಪ್ಪಿಲ್ಲದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ. ಅವ್ವನ ಮೇಲೆ ಮಾಡಿಕೊಳ್ಳೋಣವೆಂದರೆ ಆ ನೆನೆದ ಬೆರಳುಗಳು. ನಲವತ್ತಮೂರನ್ನೂ ಒಂದೊಂದಾಗಿ ಎತ್ತಿ, ತಿಕ್ಕಿ, ಸೆರಗಿನಲ್ಲಿ ಒರೆಸಿ ಇಟ್ಟಿದ್ದಾಳೆ. ಇಡೀ ಊರಿನಲ್ಲಿ ಇವುಗಳನ್ನು ಕಸವೆಂದು ತಿಳಿಯದೆ ಕೈಯಲ್ಲಿ ಎತ್ತಿಕೊಂಡವಳು ಅವಳೊಬ್ಬಳೇ, ಮತ್ತು ಅವಳೇ ಅವುಗಳನ್ನು ಕೊಂದಳು. ಮನೆ ತಪ್ಪಿಸಿಕೊಂಡು ಹೋಗಬೇಕೆಂದಿದ್ದ. ಆದರೆ ಶಿವರುದ್ರಮ್ಮ ಬೀದಿಗೆ ಬಂದು ಕಾಯುತ್ತಿದ್ದಳು, ಕಣ್ಣಿಗೆ ಕೈ ಅಡ್ಡ ಹಿಡಿದು. ಏನಂದ್ರಪ್ಪಾ ಎಂದಳು. ಅವನು ನಿಲ್ಲದೆ, ಅವಳ ಮುಖ ನೋಡದೆ, "ಬೋ ಚೊಕ್ಕವಾಗವೆ ಅಂದ್ರು ಕಣವ್ವ," ಎಂದು ಡಬ್ಬಿಯನ್ನು ಅವಳ ಕೈಗೆ ತುರುಕಿ ಮುಂದೆ ಹೋದ. ಅಂಗೆಂದ್ರಾ, ಎಂದು ಹಿಂದಿನಿಂದ ಅವಳ ದನಿ ಕೇಳಿತು, ಪಕ್ಕದ ಮನೆಯ ಬಸವಮ್ಮನಿಗೂ ಕೇಳಲಿ ಎನ್ನುವಷ್ಟು ಗಟ್ಟಿಯಾಗಿ.

ಹಳ್ಳ ಮುಟ್ಟಿದಾಗ ಹೊತ್ತು ನೆತ್ತಿಗೇರಿತ್ತು. ನಾಲ್ಕು ಗಾಡಿಗಳು ಮರಳಿನಲ್ಲಿ ನಿಂತಿದ್ದವು, ಎತ್ತು ಬಿಚ್ಚಿ ಹೊಂಗೆಯ ನೆರಳಿಗೆ ಕಟ್ಟಿದ್ದರು. ಆಳುಗಳು ಉಂಡು ಕೈ ತೊಳೆಯುತ್ತಿದ್ದರು. ಮಾವ ಮಲ್ಲಿಕಾರ್ಜುನಯ್ಯ ದಂಡೆಯ ಕೆಳಗೆ ಒಂದು ಗುಂಡುಕಲ್ಲಿನ ಮೇಲೆ ಕೂತು ಎಲೆ ಮಡಿಸುತ್ತಿದ್ದ. ಗೋಡೆಗೆ ಹಚ್ಚುವ ಸುಣ್ಣದ್ದೇ ಒಂದು ಚೂರನ್ನು ನೀರಲ್ಲಿ ಅರಳಿಸಿ ಎಲೆಗೂ ಹಚ್ಚಿಕೊಳ್ಳುವುದು ಅವನ ಚಾಳಿ. ಅವನ ತಲೆಯ ಮೇಲೆ ದಂಡೆಯ ಒಳಮುಖ ಬಿಸಿಲಿಗೆ ಉರಿಯುತ್ತಿತ್ತು. ಆ ಒಂದು ಗೇಣಿನ ಪದರ ಇಲ್ಲಿಂದಲೇ ಕಾಣುತ್ತಿತ್ತು, ಒರಟಾಗಿ, ಮಣ್ಣು ತುಂಬಿಕೊಂಡು, ಸಾವಿರ ಸಣ್ಣ ಕೊನೆಗಳನ್ನು ಹೊರಕ್ಕೆ ಚಾಚಿಕೊಂಡು. ಮೂವತ್ತು ವರ್ಷದಿಂದ ಗೂಡಿನಲ್ಲಿ ದುಡಿಯುವ ಮುದುಕ ಬೋರಯ್ಯ ಗುದ್ದಲಿಗೆ ಕಾವು ಬಿಗಿ ಮಾಡುತ್ತಿದ್ದ. ಚನ್ನಮಲ್ಲಯ್ಯನನ್ನು ಕಂಡು ಮಾವ, ಏನಾಯ್ತು ನಿನ್ನ ದೊಡ್ಡ ಮನುಷ್ಯನ ಕತೆ ಎಂದು ಕೇಳಿದ. ಕೇಳಿದ್ದು ಅಣಕಿಸುವುದಕ್ಕಲ್ಲ, ಒಂದು ವೇಳೆ ಚೀಟಿ ತಂದಿದ್ದರೆ ಏನು ಮಾಡುವುದು ಎನ್ನುವ ಸಣ್ಣ ಅಳುಕೂ ಅದರಲ್ಲಿತ್ತು. ಏನೂ ಇಲ್ಲ ಎಂದ ಇವನು. ಬುಡ್ಲಾ ಅತ್ಲಾಗೆ, ಎಂದು ಮಾವ ನಿರಾಳವಾಗಿ ಎಲೆಯನ್ನು ಬಾಯಿಗಿಟ್ಟು, ಬಾ, ಶುರು ಮಾಡಿಸೋಣ, ಒಂದು ಸಲ ನೋಡಿ ಹೇಳು ಎಂದ. ಹೊಸ ಮುಖ ತೆರೆಯುವಾಗ ಮೊದಲ ಕಲ್ಲನ್ನು ಚನ್ನಮಲ್ಲಯ್ಯ ನೆಕ್ಕಿ ಹೇಳಬೇಕು, ಆಮೇಲೆ ಗುದ್ದಲಿ. ಗೂಡಿನಲ್ಲಿ ಅದು ಎಂದಿನ ಕ್ರಮ.

ಅವನು ಹೆಚ್ಚೇನನ್ನೂ ಯೋಚಿಸಿ ಬಂದಿರಲಿಲ್ಲ. ದಂಡೆಯ ಮುಂದೆ ಕೂತು ಕೈಗಳಿಂದ ತಡೆಯಬೇಕು ಎಂದೇ ಓಡಿಬಂದಿದ್ದ, ಎಳೆದು ಹಾಕುತ್ತಾರೆ ಎನ್ನುವುದೂ ಗೊತ್ತಿತ್ತು. ಬೋರಯ್ಯ ಕಿತ್ತುಕೊಟ್ಟ ಹೆಂಟೆಯನ್ನು ತಟ್ಟಿದ. ಕಂಚಿನ ಹಾಗೆ ಸದ್ದು. ಒಡೆದು ನಾಲಿಗೆಗಿಟ್ಟ. ನಾಲಿಗೆಯನ್ನು ಹಿಡಿದುಕೊಂಡುಬಿಟ್ಟಿತು, ಬಿಡಿಸಿಕೊಳ್ಳಲು ಎಳೆಯಬೇಕಾಯಿತು. ಇಷ್ಟು ವರ್ಷದಲ್ಲಿ ಇಂಥ ಕಲ್ಲು ಸಿಕ್ಕಿರಲಿಲ್ಲ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಉಗುಳಿದ.

"ಚೌಳು ಹತ್ತೈತೆ ಮಾವ."

ಮಾವನ ದವಡೆ ನಿಂತಿತು. ಎಷ್ಟರಮಟ್ಟಿಗೆ ಎಂದು ಕೇಳಿದ. ಉಪ್ಪು ಒಳಗಿನ ತನಕ ಇಳಿದಿದೆ, ಹೊರಮೈ ಚೆನ್ನಾಗಿತ್ತು, ಇದು ಆಗುವುದಿಲ್ಲ, ಬಳಿದ ದಿನ ಬೆಳ್ಳಗಿರುತ್ತದೆ, ಒಂದು ಹನಿ ಬಿದ್ದರೆ ಗೋಡೆ ಹೊಪ್ಪಳೆ ಎದ್ದು ಉದುರುತ್ತದೆ ಎಂದು ಚನ್ನಮಲ್ಲಯ್ಯ ಹೇಳುತ್ತ ಹೋದ. ತನ್ನ ದನಿ ಎಷ್ಟು ಸಲೀಸಾಗಿ ಬರುತ್ತಿದೆ ಎಂದು ಅವನಿಗೇ ಆಶ್ಚರ್ಯವಾಯಿತು. ಬಂಗಲೆಯಲ್ಲಿ ಸಣ್ಣಗಾಗಿದ್ದ ಅದೇ ದನಿ. ಹುಣಸೆನೀರು ಬಿಟ್ಟು ತೋರಿಸು ಎನ್ನುತ್ತಾನೆ ಮಾವ, ನೊರೆ ಬರುತ್ತದೆ, ಆಗ ಏನು ಹೇಳಲಿ ಎಂದು ಒಳಗೊಳಗೇ ಉತ್ತರ ಹುಡುಕುತ್ತಿದ್ದ. ಮಾವ ಕೇಳಲೇ ಇಲ್ಲ. ಕಲ್ಲನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಥತ್. ದೊಡ್ಡೋರು ಬರಾವಾಗ ಗ್ವಾಡೆ ಉದುರ್ಬುಟ್ರೆ ನನ್ನ ಗತಿ ಏನ್ಲಾ," ಎಂದು ಎದ್ದು ಪಂಚೆ ಕೊಡವಿ, ಎತ್ತು ಹೂಡ್ರೋ, ಕೆಳಗಲ ತಿರುವಿಗೆ ಹೋಗೋಣ, ಅಲ್ಲ್ಯಾವುದಾರ ಸಿಕ್ಕುತ್ತೆ ಎಂದು ಕೂಗುತ್ತ ನಡೆದೇಬಿಟ್ಟ. ಅಷ್ಟೇ. ಮೂರು ವರ್ಷ ಕೆಸರಿನಲ್ಲಿ ಹುಡುಕಿ, ಸುತ್ತು ಎಣಿಸಿ, ಹತ್ತಿಯಲ್ಲಿ ಸುತ್ತಿಕೊಂಡು ಹೋದ ನಿಜಕ್ಕೆ ಮಣ್ಣೆಲ್ಲಿ, ಏಣೆಲ್ಲಿ, ಎಷ್ಟು ಓದಿದ್ದೀಯ ಎಂದು ಕೇಳಿದರು. ಈಗ ಹುಟ್ಟಿದ ಸುಳ್ಳಿಗೆ ಒಬ್ಬನೂ ಒಂದು ಪ್ರಶ್ನೆ ಹಾಕಲಿಲ್ಲ. ಗಾಡಿಗಳ ಕೀಲು ಕಿರುಗುಟ್ಟಿತು. ದಂಡೆ ಉಳಿಯಿತು. ಅವನಿಗೆ ಸಂತೋಷವಾಗಬೇಕಿತ್ತು, ಅದಕ್ಕೆ ಬದಲು ಕೈಯಲ್ಲಿದ್ದ ಹೆಂಟೆಯನ್ನು ಸಿಟ್ಟಿನಿಂದ ನೆಲಕ್ಕೆ ಬಿಸಾಕಿದ.

ಬೋರಯ್ಯ ಹೋಗಿರಲಿಲ್ಲ. ಇವನು ಕೆಳಗೆ ಬಿಸಾಕಿದ ಹೆಂಟೆಯನ್ನು ಎತ್ತಿಕೊಂಡು, ಒಡೆದ ಮುಖವನ್ನು ನಾಲಿಗೆಗೆ ಇಟ್ಟ. ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಇದ್ದ. ಚನ್ನಮಲ್ಲಯ್ಯನಿಗೆ ಹೆದರಿಕೆಯಾಗಲಿಲ್ಲ. ಹೇಳಲಿ ಎಂದು ಅವನು ಕಾಯುತ್ತಿದ್ದ. ಇದರಲ್ಲಿ ಉಪ್ಪಿಲ್ಲ, ನೀನು ಸುಳ್ಳು ಹೇಳಿದೆ ಎಂದು ಒಬ್ಬನಾದರೂ ಈ ಸೀಮೆಯಲ್ಲಿ ಹೇಳಲಿ. ಹೇಳಿದರೆ ದಂಡೆ ಹೋಗುತ್ತದೆ, ಹೋಗಲಿ. ಬೋರಯ್ಯ ಕಣ್ಣು ತೆರೆದು, ಪಕ್ಕಕ್ಕೆ ಉಗುಳಿ, ತಲೆಯಾಡಿಸಿದ.

"ದಿಟ ಅಯ್ನೋರೆ. ಬಲೇ ಉಪ್ಪು."

ಇನ್ನೊಂದು ಸಲ ನೋಡು, ಎಂದ ಚನ್ನಮಲ್ಲಯ್ಯ. ಮುದುಕ ಇನ್ನೊಂದು ಸಲ ನೆಕ್ಕಿದ, ಈ ಸಲ ಮುಖ ಕಿವುಚಿಕೊಂಡ, ಉಪ್ಪು ತಿಂದವನ ಹಾಗೆಯೇ. ಮೂವತ್ತು ವರ್ಷದಿಂದ ಸುಣ್ಣಕಲ್ಲು ಹೊತ್ತವನು ನೀನು, ನಿನ್ನ ನಾಲಿಗೆಗೆ ಏನು ತಾಗಿತು ಅದನ್ನು ಹೇಳು, ನಾನು ಹೇಳಿದ್ದನ್ನಲ್ಲ, ಎಂದು ಇವನು ಅವನ ತೋಳನ್ನು ಹಿಡಿದು ಅಲುಗಿಸಿದ. ಬೋರಯ್ಯ ಹೆದರಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಯಾಕೆ ಈ ಹುಡುಗ ಗೆದ್ದ ಮೇಲೂ ಕೂಗಾಡುತ್ತಾನೆ ಎಂದು ತಿಳಿಯದವನ ಹಾಗೆ ಸ್ವಲ್ಪ ಹೊತ್ತು ನೋಡಿ, ತೋಳನ್ನು ಮೆಲ್ಲಗೆ ಬಿಡಿಸಿಕೊಂಡು, ಗುದ್ದಲಿಯನ್ನು ಹೆಗಲಿಗೇರಿಸಿದ. "ನಿಮ್ ಬಾಯ್ಗೆ ಉಪ್ಪು ಅಂದ್ಮ್ಯಾಕೆ, ನಮ್ ಬಾಯ್ಗೆ ಬ್ಯಾರೆ ಹೆಂಗಿರ್ತದೆ?" ಎಂದು ಮರಳಿನಲ್ಲಿ ಕಾಲೆಳೆಯುತ್ತ ಗಾಡಿಗಳ ಹಿಂದೆ ಹೊರಟ.

ಚನ್ನಮಲ್ಲಯ್ಯ ಅವನ ಬೆನ್ನಿಗೆ ಏನೋ ಕೂಗಬೇಕೆಂದು ಬಾಯಿ ತೆರೆದ. ಬೈಗುಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದು ಬೋರಯ್ಯನಿಗೋ, ಕನ್ನಡಕದ ಆಫೀಸರಿಗೋ, ತನಗೋ ಎಂದು ತೀರ್ಮಾನವಾಗುವಷ್ಟರಲ್ಲಿ ಮುದುಕ ತಿರುವು ದಾಟಿದ್ದ.